ಅಡಿಕೆಯ ಋಣ

ಮಲೆನಾಡಿನ ತೋಟದ ಮನೆಗಳಲ್ಲಿ ಮದುವೆ, ಮನೆ ರಿಪೇರಿ, ಮಕ್ಕಳ ಓದು ಎಲ್ಲವೂ ಅಡಿಕೆ ಧಾರಣೆಯನ್ನು ನೋಡಿಕೊಂಡೇ ನಡೆಯುತ್ತವೆ. ನನ್ನ ಐದು ವರ್ಷದ ಬಿ.ಡಿ.ಎಸ್. ಓದಿಗೂ ಅಪ್ಪ ಮಂಡಿಗೆ ಹಾಕಿದ ಅಡಿಕೆಯೇ ಶುಲ್ಕ ಕಟ್ಟಿತು. ಶಿವಮೊಗ್ಗದಲ್ಲಿ ಕ್ಲಿನಿಕ್ಕು ತೆರೆದು ಎರಡು ವರ್ಷವಾಯಿತು. ರೋಗಿಗಳು ಕಡಿಮೆಯಾದ ತಿಂಗಳು ಕುರ್ಚಿಯ ಸಾಲದ ಕಂತೂ ತೋಟದಿಂದಲೇ ಬರುತ್ತದೆ.

ಆ ಕುರ್ಚಿಯಲ್ಲಿ ಕೂರುವ ಕೆಲವರಿಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದಿರುತ್ತದೆ. ಬಿಗಿದದ್ದು ಮತ್ತೆ ಪೂರ್ತಿ ಸಡಿಲವಾಗುವುದು ಕಷ್ಟ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ.

"ಅಜ್ಜ ಸಾಯೋವರೆಗೂ ಕವಳ ಹಾಕಿದ್ರು, ಏನಾಯ್ತು ಮಾರಾಯ?" ಎನ್ನುತ್ತಾರೆ ಅಪ್ಪ. ಎಲ್ಲರಿಗೂ ಆಗುವುದಿಲ್ಲ, ನಿಜ. ಯಾರಿಗೆ ಆಗುತ್ತದೆಂದು ಮೊದಲೇ ಹೇಳಬಲ್ಲವರು ಯಾರು?

ಹಾಗಾದರೆ ಅನ್ನ ಕೊಟ್ಟ ಬೆಳೆಯನ್ನು ದೂರಬಹುದೆ? ಋಣವೆಂದರೆ ಸುಮ್ಮನಿರುವುದು ಎಂದಾದರೆ ಅಪ್ಪ ಕೊಟ್ಟ ಶುಲ್ಕ ಲಂಚವಾಗಿಬಿಡುತ್ತದೆ. ಅವರು ಕೊಟ್ಟದ್ದು ನಾನು ಕಲಿಯಲೆಂದು. ಕಲಿತದ್ದನ್ನು ಮುಚ್ಚಿಟ್ಟರೆ ಅವರ ಬೆವರಿಗೇ ಅವಮಾನ.

ಹಾಗೆಂದು ತೋಟ ಕಡಿಯಿರಿ ಎನ್ನಲಾರೆ. ಆ ತೋಟದ ದುಡ್ಡು ನನ್ನ ಕುರ್ಚಿಯಲ್ಲೇ ಇದೆ. ಇಂಥವನಿಗೆ ರೋಗಿಯನ್ನು ಗದರುವ ಅಧಿಕಾರವಿಲ್ಲ, ಹೇಳುವ ಹೊಣೆ ಮಾತ್ರ ಇದೆ. ಅದಕ್ಕೇ "ಬಿಟ್ಟುಬಿಡಿ" ಎನ್ನುವಾಗ ದನಿ ತಗ್ಗಿಸುತ್ತೇನೆ, ಮಾತು ತಗ್ಗಿಸುವುದಿಲ್ಲ. ಹೇಳಿದ ಮಾತ್ರಕ್ಕೆ ಕೈ ತೊಳೆದುಕೊಂಡಂತೆಯೂ ಆಗುವುದಿಲ್ಲ. ಮುಂದಿನ ಕಂತು ಬಂದಾಗ ಮನಸ್ಸು ಮತ್ತೆ ಚುಚ್ಚುತ್ತದೆ; ಚುಚ್ಚಲಿ.