ಸಾಹೇಬರಿಗೆ ನಮಸ್ಕಾರ ಮಾಡು

ಕಂಪನಿಯವರು ವರುಷಕ್ಕೊಮ್ಮೆ ಬಸ್ಸು ಮಾಡಿಸಿ, ನೌಕರರನ್ನು ಮಕ್ಕಳುಮರಿ ಸಹಿತ ವನಭೋಜನಕ್ಕೆ ಒಯ್ಯುವುದು ಈಗ ನಮ್ಮ ಕಡೆಗೂ ರೂಢಿಯಾಗಿದೆ. ಹುಬ್ಬಳ್ಳಿಯಿಂದ ಹೊರಟ ಬಸ್ಸು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಹೋಗುತ್ತದೆ; ಸವಣೂರಿನ ದೊಡ್ಡಹುಣಸೆ ಮರಗಳನ್ನೋ ಹಾನಗಲ್ಲಿನ ತಾರಕೇಶ್ವರನ ಗುಡಿಯನ್ನೋ ನೋಡಹೋಗುವವರೂ ಉಂಟು; ಉತ್ಸಾಹಿಗಳಾದರೆ ಹಿರೇಕೆರೂರಿನ ಕಡೆಯ ಮದಗದ ಕೆರೆಯವರೆಗೂ ಹೋದಾರು. ಊಟ ಪುಕ್ಕಟೆ, ಬಸ್ಸು ಪುಕ್ಕಟೆ, ಮಕ್ಕಳಿಗೆಲ್ಲ ಒಂದೊಂದು ಟೊಪ್ಪಿಗೆ. ಇದರಲ್ಲಿ ವಿಚಾರ ಮಾಡುವಂಥದೇನಿದೆ ಎಂದು ನೀವು ಕೇಳಬಹುದು. ಇದೆಯೆಂದು ನನಗೆ ಅನಿಸಿದೆ.

ನನ್ನ ಹೆಂಡತಿ ಅಂಥದೊಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಆದ್ದರಿಂದ ಆ ದಿನ ನಾನು ಬರಿಯ 'ಕುಟುಂಬ'. ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನಿಗೆ ಇದೊಂದು ಸುಖದ ಪದವಿ; ಯಾರೂ ಮಾತನಾಡಿಸುವುದಿಲ್ಲ, ಸುಮ್ಮನೆ ನೋಡುತ್ತ ಕೂಡಬಹುದು.

ಕಲಾವಿದ ಸೊಲಬಕ್ಕನವರು ಕಟ್ಟಿದ ಗೊಟಗೋಡಿಯ ಆ ತೋಟದಲ್ಲಿ ನಮ್ಮ ಹಳ್ಳಿಯ ಬದುಕು ಆಳೆತ್ತರದ ಸಿಮೆಂಟಿನ ಮೂರ್ತಿಗಳಾಗಿ ನಿಂತಿದೆ. ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಅವರನ್ನೆಲ್ಲ ನೋಡಿಕೊಂಡು ಬಂದ ನನ್ನ ಆರು ವರ್ಷದ ಮಗಳು ತಾಯಿಯನ್ನು ಕೇಳಿದಳು: "ಅಮ್ಮಾ, ನೀ ಆಫೀಸ್‌ನ್ಯಾಗ ಏನ್ ಮಾಡ್ತಿ?"

"ಇವತ್ತಿನ ಊಟದ ಬಿಲ್ಲು ನಾಳೆ ನನ್ನ ಟೇಬಲ್ಲಿಗೆ ಬರ್ತದ. ಕೂಡಿಸಿ ನೋಡ್ತೀನಿ."

"ತಪ್ಪಿದ್ರ?"

"ಸಾಹೇಬರ ಕಡೆ ವಾಪಸ್ ಕಳಸ್ತೀನಿ."

ಮಧ್ಯಾಹ್ನ ಆ ಸಾಹೇಬರು ಬಂದರು. ಮೂವತ್ತು ದಾಟಿರದ ಸಭ್ಯ ತರುಣ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ತಲೆ ನರೆತವರು ಎದ್ದು ನಿಂತರು. ತಾಯಿತಂದೆಗಳೆಲ್ಲ ಮಕ್ಕಳ ಬೆನ್ನಿಗೆ ಕೈಹಚ್ಚಿ ಮುಂದೆ ನೂಕತೊಡಗಿದರು: "ಸಾಹೇಬರಿಗೆ ನಮಸ್ಕಾರ ಮಾಡು." ಉಗ್ರಾಣ ನೋಡಿಕೊಳ್ಳುವವರೊಬ್ಬರ ಮಗ, ಐದು ವರ್ಷದವನಿರಬೇಕು, ತಾಯಿಯ ಸೆರಗಿನ ಹಿಂದೆ ಅಡಗಿದ. "ಇರ್ಲಿ ಬಿಡ್ರಿ, ಸಣ್ಣ ಹುಡುಗ" ಎಂದರು ಸಾಹೇಬರು. ಅಪ್ಪ ಎಲ್ಲರ ಮುಖ ನೋಡಿ ನಕ್ಕ; ನಗುತ್ತಲೇ ಹುಡುಗನ ರಟ್ಟೆಯನ್ನು ಹಿಂಡಿದ. ಹುಡುಗ ನಮಸ್ಕಾರ ಮಾಡಿದ.

ಹಿರಿಯರಿಗೆ ಕೈಮುಗಿಯುವುದು ನಮ್ಮ ಸಂಪ್ರದಾಯವಲ್ಲವೆ, ಎನ್ನುವಿರಿ. ಹೌದು. ಆದರೆ ಆ ಹುಡುಗ ಅಲ್ಲಿಯವರೆಗೆ ಅಜ್ಜನಿಗೆ, ಮಾಸ್ತರರಿಗೆ ಮುಗಿದ ಕೈ ಅದು. ಇಂದು ತನ್ನ ಅಪ್ಪನಿಗಿಂತ ಕಿರಿಯನಿಗೆ ಏಕೆ ಮುಗಿಯಬೇಕೆಂಬುದನ್ನು ರಟ್ಟೆಯ ನೋವಿನಿಂದ ಕಲಿತ. ಗೌರವದ ಪಾಠ ಎಂದು ಇದನ್ನು ಕರೆಯಲು ನನ್ನಿಂದಾಗದು. ಶಿಗ್ಗಾಂವಿ ತಾಲೂಕಿನ ಬಾಡವೇ ಕನಕದಾಸರ ಊರು. ಅವರ ರಾಮಧಾನ್ಯಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಮೇಲುಕೀಳಿನ ಜಗಳ ಹತ್ತಿದ್ದು ಊಟದ ನೆವದಿಂದಲೇ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ. ಕೆಡದೆ ಉಳಿದದ್ದು ರಾಗಿ. ನಮ್ಮ ಪಿಕ್ನಿಕ್ಕಿನಲ್ಲಿ ಅಂಥ ಪರೀಕ್ಷೆಗೆ ವೇಳೆ ಎಲ್ಲಿ? ಐದಕ್ಕೆ ಬಸ್ಸು ಬಿಡುತ್ತದೆ.

ಹಾಗಾದರೆ ಮಕ್ಕಳನ್ನು ಒಯ್ಯುವುದೇ ಬೇಡವೆ? ನನ್ನ ಸಹೋದ್ಯೋಗಿಯೊಬ್ಬರ ಮತ ಹಾಗಿದೆ: ಅಪ್ಪ ಕೈಕಟ್ಟಿ ನಿಂತದ್ದನ್ನು ಮಗು ನೋಡಬಾರದು. ನಾನು ಒಪ್ಪಲಾರೆ. ನಾನು ಹಾನಗಲ್ಲ ತಾಲೂಕಿನ ಹಳ್ಳಿಯಲ್ಲಿ ಬೆಳೆದವನು. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದೆವು. ಅದನ್ನು ನೆನೆದು ಕಣ್ಣೊರೆಸಿಕೊಳ್ಳುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ನಮ್ಮ ಆಳುಮಗನ ಮಕ್ಕಳು ಬದುವಿನ ಆಚೆ ಬೇರೆ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ನಮ್ಮಜ್ಜನ ಮುಂದೆ ಅವರಪ್ಪ ಕೂಡುತ್ತಿರಲಿಲ್ಲ. ಅವರೂ ನೋಡುತ್ತಿದ್ದರು. ಆದರೆ ಅದೇ ಅಪ್ಪ ನೇಗಿಲು ಹಿಡಿದಾಗ ಸಾಲು ಒಂದು ಬೆರಳೂ ಅತ್ತಿತ್ತ ಆಗದೆಂಬುದನ್ನೂ ಅವರು ವರುಷವಿಡೀ ನೋಡಿದ್ದರು. ಅವನನ್ನು ಅಳೆಯಲು ಅವರ ಬಳಿ ಇನ್ನೊಂದು ಅಳತೆಗೋಲಿತ್ತು. ಉಗ್ರಾಣದವರ ಮಗ ಅಪ್ಪನ ಉಗ್ರಾಣವನ್ನು ಕಂಡಿಲ್ಲ. ಯಾವ ಸಾಮಾನು ಯಾವ ಮೂಲೆಯಲ್ಲಿದೆಯೆಂದು ಅವನಪ್ಪ ಕಣ್ಣುಮುಚ್ಚಿ ಹೇಳಬಲ್ಲನೆಂಬುದು ಅವನಿಗೆ ಗೊತ್ತಿಲ್ಲ. ಅಪ್ಪನ ಕೆಲಸವೆಂದರೆ ಅವನ ಪಾಲಿಗೆ ಆ ಒಂದು ದಿನದ ನಗುವೇ. ನನಗೆ ಕೆಟ್ಟದೆನಿಸುವುದು ಇದು.

ಮಗುವಿನ ಕೈಯನ್ನು ನಿಮ್ಮ ಬಡ್ತಿಗೆ ಬಳಸಬೇಡಿ ಎಂದು ಆ ತಂದೆಗೆ ಹೇಳೋಣವೆಂದರೆ ನಾಲಗೆ ತಡೆಯುತ್ತದೆ. ನನ್ನದು ಖಾಯಂ ನೌಕರಿ. ಅವರದು ವರುಷದ ಕರಾರು, ಮಾರ್ಚಿಗೆ ಮುಗಿಯುತ್ತದೆ. ಯಾರ ಮಗು ನಮಸ್ಕರಿಸಲಿಲ್ಲವೆಂದು ಯಾರೂ ಬರೆದಿಟ್ಟುಕೊಳ್ಳಲಾರರು ಎಂದು ನನಗನಿಸಬಹುದು. ಅವರಿಗೆ ಹಾಗೆ ಅನಿಸಲು ಯಾವ ಆಧಾರವಿದೆ? ಈ ಪದ್ಧತಿಯನ್ನು ಏನನ್ನೂ ಕಳೆದುಕೊಳ್ಳದೆ ನಿಲ್ಲಿಸಬಲ್ಲವರು ಅಲ್ಲಿ ಒಬ್ಬರೇ ಇದ್ದರು. ಅವರಿಗಾಗಿ ಬಿಳಿಯ ಬಟ್ಟೆ ಹೊದಿಸಿದ ಕುರ್ಚಿಯೊಂದನ್ನು ನೆರಳಿನಲ್ಲಿ ಬೇರೆ ಹಾಕಿದ್ದರು. ಅದನ್ನು ಬಿಟ್ಟು ಹುಡುಗರ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದರೆ, ಬಡಿಸುವವರು ಬರುವಷ್ಟರಲ್ಲಿ ಆ ಐದು ವರ್ಷದವನು ತಾನಾಗಿಯೇ ಅವರ ಹೆಸರು ಕೇಳುತ್ತಿದ್ದ.