ನೆನಪಿಗೆ ಇರಲಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬುದು ನಮ್ಮಲ್ಲಿ ಬೇರೂರಿದ ಸಂಸ್ಕಾರ. ಅದು ತಪ್ಪಲ್ಲ. ಆದರೆ ಒಳ್ಳೆಯ ಮಾತಿನಿಂದಲೇ ಅವರ ಋಣ ತೀರುತ್ತದೆಯೇ? ಗೊಳಸಂಗಿಯ ನಮ್ಮ ಮನೆಯಲ್ಲಿ ಅಮ್ಮಾ ತೀರಿಕೊಂಡ ದಿನದಿಂದ ಈ ಪ್ರಶ್ನೆ ನಮ್ಮನ್ನು ಕಾಡುತ್ತಿದೆ.

ಜಿಯಾರತ್ತಿನ ದಿನ ಅಂಗಳದ ತುಂಬ ಜನ. ನಿಡಗುಂದಿ, ಬಾಗೇವಾಡಿ, ಮುದ್ದೇಬಿಹಾಳದಿಂದ ಬೀಗರು ಬಂದಿದ್ದರು. ಓಣಿಯ ಲಿಂಗಾಯತರ ಹೆಣ್ಣುಮಕ್ಕಳೂ ಬಂದು ಕೂತಿದ್ದರು. ಎಲ್ಲರದೂ ಒಂದೇ ಮಾತು: "ಭಾಳ ತಾಳ್ಮಿ ಹೆಣ್ಣಮಗಳು. ಒಂದ ದಿನಾ ತನಗಂತ ಏನೂ ಕೇಳಲಿಲ್ಲ." ನಾವೂ ತಲೆಯಾಡಿಸಿದೆವು. ಅಬ್ಬಾ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು. ಮೊಮ್ಮಕ್ಕಳು ದಾದಿಯ ಬಿಸಿರೊಟ್ಟಿಯನ್ನೂ ಗುರೆಳ್ಳು ಚಟ್ನಿಯನ್ನೂ ನೆನೆಸಿಕೊಂಡು ಅತ್ತವು. ಏನೂ ಕೇಳಲಿಲ್ಲ ಎನ್ನುವುದು ಆಕೆಯ ಹೊಗಳಿಕೆಯೋ, ನಮ್ಮ ಮೇಲಿನ ದೂರೋ ಎಂಬುದು ಅಂದು ಹೊಳೆಯಲಿಲ್ಲ.

ಹೊಳೆದದ್ದು ಆಕೆಯ ಟ್ರಂಕು ತೆಗೆದಾಗ. ಅದರಲ್ಲಿ ಅರ್ಧ ಹೊಲಿದ ಕೌದಿ, ಎರಡು ಬಂಗಾರದ ಬಳೆ, ಮಡಿಕೆ ಹರಿದ ನಿಕಾಹ್‌ನಾಮಾ ಇದ್ದವು. "ಬಳಿ ಹಂಚೂದು ಬ್ಯಾಡ. ಅಮ್ಮಾನ ನೆನಪಿಗೆ ಇರಲಿ" ಅಂದ ಹಿರಿಯಣ್ಣ. ನಾವು ಗಂಡುಮಕ್ಕಳೆಲ್ಲ ಒಪ್ಪಿದೆವು. ಇರಲಿ ಅಂದರೆ ಎಲ್ಲಿ? ಅಣ್ಣನ ಕಪಾಟಿನಲ್ಲಿ. ಕಿರಿಯ ತಂಗಿ ಕೌದಿಯ ಮೇಲೆ ಕೈಯಾಡಿಸುತ್ತ, "ನೆನಪು ನಮಗೂ ಐತಿ, ಭಾಯಿ" ಅಂದಳು. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಈ 'ನೆನಪು' ಎಂಬ ಮಾತಿನ ಮರೆಯಲ್ಲಿ ನಮ್ಮ ಸಮಾಜ ಎಷ್ಟು ಹೆಣ್ಣುಮಕ್ಕಳ ಪಾಲನ್ನು ನುಂಗಿಲ್ಲ! ಕುರ್‌ಆನ್ ಇಲ್ಲಿ ಯಾವ ಸಂದಿಗ್ಧವನ್ನೂ ಉಳಿಸಿಲ್ಲ. ಸತ್ತವರ ಸಾಲ ತೀರಬೇಕು, ವಸಿಯ್ಯತ್ ಇದ್ದರೆ ನಡೆಯಬೇಕು, ಆಮೇಲೆ ಪಾಲು. ಅಮ್ಮಾನ ತಂದೆ-ತಾಯಿ ಬದುಕಿಲ್ಲವಾದ್ದರಿಂದ ಗಂಡನಿಗೆ ನಾಲ್ಕನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ, ಮಗಳಿಗೆ ಒಂದಾದರೆ ಮಗನಿಗೆ ಎರಡು. ತಂಗಿ ದಯೆ ಕೇಳುತ್ತಿರಲಿಲ್ಲ. ಬಳೆಗಳಲ್ಲಿ ಆಕೆಯದೇ ತೂಕವಿತ್ತು. ಅವನ್ನು ತೂಗಿಸಿದೆವು, ಹಂಚಿದೆವು. ಅದು ಸುಲಭದ ಭಾಗ.

ಕಠಿಣವಾದದ್ದು ನಿಕಾಹ್‌ನಾಮಾ. ಮಹರ್ 525 ರೂಪಾಯಿ ಎಂದು ಬರೆದಿತ್ತು. 1960ರ ದಶಕದ ಮಾತು. ಆಗ ಅಷ್ಟು ಹಣಕ್ಕೆ ನಾಲ್ಕಾರು ತೊಲ ಬಂಗಾರ ಬರುತ್ತಿತ್ತು. ಕೊಟ್ಟಿದ್ದೀರಾ ಎಂದು ಅಬ್ಬಾನನ್ನು ಕೇಳುವ ಧೈರ್ಯ ತಂಗಿಗೆ ಮಾತ್ರ ಬಂತು.

"ಮಾಫ್ ಮಾಡ್ಯಾಳ."

"ಯಾವಾಗ?"

"ಮೊದಲ್ನೇ ರಾತ್ರಿನಽ. ಎಲ್ಲಾರೂ ಹಂಗಽ ಕೇಳತಿದ್ದರು."

ಮನಸ್ಸಾರೆ ಬಿಟ್ಟುಕೊಟ್ಟರೆ ಗಂಡ ಅದನ್ನು ಸಂತೋಷದಿಂದ ಅನುಭವಿಸಬಹುದೆಂದು ಧರ್ಮ ಹೇಳುತ್ತದೆ. ಆದರೆ ಗುರುತಿಲ್ಲದ ಮನೆ, ಗುರುತಿಲ್ಲದ ಗಂಡ, ಹದಿನೇಳರ ಹುಡುಗಿ. ಅವಳು 'ಇಲ್ಲ' ಎನ್ನುವ ದಾರಿ ಎಲ್ಲಿತ್ತು? 'ಇಲ್ಲ' ಎನ್ನಲು ಬಾರದವಳ 'ಹೂಂ' ಮನಸ್ಸಾರೆಯದಾಗುತ್ತದೆಯೇ? ಗಂಡನ ಜನಾಜಾ ಮುಂದೆ ನಿಲ್ಲಿಸಿ ವಿಧವೆಯಿಂದ ಮಾಫಿ ಹೇಳಿಸುವ ರೂಢಿಯನ್ನೂ ನಾವು ಕಂಡಿದ್ದೇವೆ. ಇಲ್ಲಿ ಹೊರಟವಳೇ ಸಾಲ ಕೊಟ್ಟವಳು. ಇನ್ನು ಮಾಫಿ ಯಾರಿಂದ? ಅಬ್ಬಾ ಕೆಟ್ಟವರಲ್ಲ. ಕೊನೆಯ ಎರಡು ವರ್ಷ ಆಕೆಗೆ ಕೈಯಾರೆ ತುತ್ತು ತಿನ್ನಿಸಿದವರು. ಹಾಗಿರುವಾಗ ಈ ಲೆಕ್ಕ ಕೇಳುವುದು ಕ್ರೂರವಲ್ಲವೇ ಎಂದು ನಮ್ಮಲ್ಲೇ ಜಗಳವಾಯಿತು. ಪ್ರೀತಿಯಿದ್ದಲ್ಲಿ ಲೆಕ್ಕವೇಕೆ ಎಂದು ಹೇಳುವವರು ಸಾಮಾನ್ಯವಾಗಿ ಸಾಲಗಾರರೇ ಆಗಿರುತ್ತಾರೆ. ಇದನ್ನು ನಮ್ಮ ಮೇಲೆಯೇ ಬೆರಳಿಟ್ಟು ಬರೆಯುತ್ತಿದ್ದೇವೆ. ನಮ್ಮ ಶಾಲೆಯ ಫೀಸಿಗೆಂದು ಆಕೆ ಮಾರಿದ ಸರದ ಲೆಕ್ಕವನ್ನು ನಾವಾದರೂ ಎಲ್ಲಿ ಇಟ್ಟಿದ್ದೆವು?

ವಿಜಯಪುರಕ್ಕೆ ಹೋದಾಗ ಮಕ್ಕಳನ್ನು ಇಬ್ರಾಹಿಂ ರೋಜಾಕ್ಕೆ ಕರೆದೊಯ್ಯುವುದು ನಮ್ಮ ರೂಢಿ. ಮಲಿಕ್ ಸಂದಲ್‌ನ ಮೇಲ್ವಿಚಾರಣೆಯಲ್ಲಿ ಎದ್ದ ಈ ಗೋರಿ ಮೊದಲು ಉದ್ದೇಶಿತವಾದದ್ದು ರಾಣಿ ತಾಜ್ ಸುಲ್ತಾನಾಳಿಗೆ. ಅಲ್ಲಿನ ಶಾಸನದಲ್ಲಿ ಅವಳ ಹೆಸರೂ ಇದೆ. 1627ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಮೊದಲು ತೀರಿಕೊಂಡು ಅಲ್ಲಿ ಮಣ್ಣಾದ. ಅವನ ತಾಯಿ, ಹೆಂಡತಿ, ಮಗಳು ಎಲ್ಲರೂ ಒಂದೇ ಸೂರಿನಡಿ ಮಲಗಿದ್ದಾರೆ. ಆದರೆ ಜನರ ಬಾಯಲ್ಲಿ ಉಳಿದದ್ದು ಇಬ್ರಾಹಿಂ ಒಬ್ಬನೇ. ಅರಸನ ಹೆಂಡತಿಯ ಗತಿಯೇ ಹೀಗಾದರೆ, ನಿಕಾಹ್‌ನಾಮಾ ತೆರೆಯುವವರೆಗೂ ತಮ್ಮ ದಾದಿಯ ಹೆಸರು ಗೊತ್ತಿರದ ನಮ್ಮ ಮಕ್ಕಳನ್ನು ಏನೆನ್ನೋಣ?

ಹಾಗಾದರೆ ನೆನೆಯುವುದು ಹೇಗೆ? ಪ್ರವಾದಿಯವರು ಖದೀಜಾರನ್ನು ನೆನೆದ ರೀತಿ ಹದೀಸಿನಲ್ಲಿ ಬರುತ್ತದೆ. ಅವರು ತೀರಿಹೋಗಿ ವರ್ಷಗಳಾದ ಮೇಲೂ ಮನೆಯಲ್ಲಿ ಕುರಿ ಕೊಯ್ದಾಗ ಖದೀಜಾರ ಗೆಳತಿಯರ ಮನೆಗೆ ಮಾಂಸ ಹೋಗುತ್ತಿತ್ತು. ಆಯಿಶಾರಿಗೆ ಇದರಿಂದ ಅಸೂಯೆಯಾಗುತ್ತಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಖದೀಜಾ ಅಲ್ಲಿ ಪ್ರವಾದಿಯ ಪತ್ನಿ ಮಾತ್ರವಲ್ಲ, ತನ್ನದೇ ಗೆಳತಿಯರಿದ್ದ ಒಬ್ಬ ಹೆಣ್ಣು. ನಮ್ಮ ಅಮ್ಮಾನಿಗೂ ಗೆಳತಿಯರಿದ್ದರೆಂದು ನಾವು ಯೋಚಿಸಿಯೇ ಇರಲಿಲ್ಲ.

ಈ ರಂಜಾನಿಗೆ ಮೊದಲು ಅಬ್ಬಾ ಹೊಲದ ಕಡಲೆ ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದು, ತಮ್ಮ ಭಾಗ ಬಿಟ್ಟು, ಮಕ್ಕಳಿಗೆಲ್ಲ ಪಾಲಿನ ಪ್ರಕಾರ ಕೊಟ್ಟರು. 525 ರೂಪಾಯಿಗಿಂತ ಹೆಚ್ಚೇ ಇತ್ತು. ಅಷ್ಟು ಸಾಕೋ ಇಲ್ಲವೋ ಎಂದು ಆಲಿಮರಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಬಹುದು. ಅಬ್ಬಾ ಯಾರನ್ನೂ ಕೇಳಲಿಲ್ಲ.

ಈದ್‌ನ ದಿನ ಆಚೆ ಓಣಿಯ ಅಮ್ಮಾನ ಗೆಳತಿಗೆ ಸುರಕುಂಬಾ ಒಯ್ದೆವು. ಲಿಂಗಾಯತರ ಮನೆ, ಮಾಂಸ ಒಯ್ಯುವಂತಿರಲಿಲ್ಲ. ಮುದುಕಿ ಬಟ್ಟಲು ಮೂಗಿನ ಹತ್ತಿರ ಹಿಡಿದು ನಕ್ಕಳು.

"ಯಾಲಕ್ಕಿ ಹಾಕೀರಿ. ನಿಮ್ಮವ್ವಗ ಯಾಲಕ್ಕಿ ವಾಸ್ನಿ ಸೇರತಿದ್ದಿಲ್ಲ, ಗೊತ್ತೈತೇನು? ನಿಮಗ ಬೇಕಂತ ಹಾಕತಿದ್ಲು. ತನಗಷ್ಟು ನಮ್ಮನ್ಯಾಗ ಬ್ಯಾರೆ ಮಾಡಿಸ್ಕೊಂಡು ಕುಡೀತಿದ್ಲು."