ಕೊಂಡ ಕಾಯಿಗೂ ಋಣವುಂಟೆ?

ತೆಂಗಿನ ಮರವನ್ನು ಕಲ್ಪವೃಕ್ಷವೆಂದು ಕರೆಯುವ ರೂಢಿ ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಆ ಮಾತನ್ನು ಈಗ ಯಾರೂ ಯೋಚಿಸಿ ಆಡುವುದಿಲ್ಲ. ಶಾಲೆಯಲ್ಲಿ ಪ್ರಬಂಧ ಬರೆದವರಿಗೆಲ್ಲ ಅದರ ಪಟ್ಟಿ ಬಾಯಿಪಾಠ. ಎಳನೀರು ಬಾಯಾರಿಕೆಗೆ, ಕಾಯಿ ಅಡಿಗೆಗೆ ಮತ್ತು ಪೂಜೆಗೆ, ಕೊಬ್ಬರಿ ಗಾಣಕ್ಕೆ, ಹಿಂಡಿ ದನಕ್ಕೆ, ಗರಿ ಚಪ್ಪರಕ್ಕೆ, ಕಡ್ಡಿ ಪೊರಕೆಗೆ, ನಾರು ಹಗ್ಗಕ್ಕೆ, ಕರಟ ಸೌಟಿಗೆ ಇಲ್ಲವೆ ಬಚ್ಚಲೊಲೆಗೆ, ಕಾಂಡ ತೊಲೆಗೆ. ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತು ಎಂಬ ಗಾದೆಯನ್ನು ಕೊನೆಗೆ ಸೇರಿಸಿದರೆ ಮಾಸ್ತರರೂ ಮೆಚ್ಚುತ್ತಿದ್ದರು. ಆ ಪಟ್ಟಿಯನ್ನು ಇನ್ನಷ್ಟು ಬೆಳೆಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಇಷ್ಟೆಲ್ಲ ಉಪಯೋಗ ಪಡೆಯುವ ನಾವು ಪ್ರತಿಯಾಗಿ ಯಾರಿಗಾದರೂ ಏನಾದರೂ ಕೊಡಬೇಕಾಗಿದೆಯೆ? ಹಣ ಕೊಟ್ಟು ಕಾಯಿ ಕೊಂಡ ಮೇಲೂ ಬಾಕಿ ಉಳಿಯುತ್ತದೆಯೆ? ಈ ಒಂದು ಪ್ರಶ್ನೆಯನ್ನಷ್ಟೇ ಓದುಗರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ದೆಹಲಿಯಲ್ಲಿ ನೆಲೆಸಿದ ನಮಗೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. ಇಲ್ಲಿನ ಚಳಿಗಾಲ ತೆಂಗಿಗೆ ಒಗ್ಗುವುದಿಲ್ಲ. ಕಾಯಿ ದಕ್ಷಿಣದಿಂದ ಸುಮಾರು 2000 ಕಿಲೋಮೀಟರು ಲಾರಿಯಲ್ಲಿ ಬರಬೇಕು. ಐ.ಎನ್.ಎ. ಮಾರುಕಟ್ಟೆಯಲ್ಲೋ ರಾಮಕೃಷ್ಣಪುರದ ಅಂಗಡಿಯಲ್ಲೋ ನಾವು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿದೆಯೆಂದು ನಂಬಿಕೆಯಾದ ಮೇಲೆ ಹಣ ಎಣಿಸುತ್ತೇವೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಊರಿನಲ್ಲಿ ಹತ್ತಾರು ಕೆಲಸಕ್ಕೆ ಬರುವ ಮರ ಇಲ್ಲಿ ಚಟ್ನಿಗೆ ಮತ್ತು ಕಳಶಕ್ಕೆ ಮಾತ್ರ ಉಳಿದುಕೊಂಡಿದೆ. ಜುಟ್ಟು, ಕರಟ ಎಲ್ಲವೂ ಕಸದ ಡಬ್ಬಿಗೆ.

ಮೊದಲು ಕಲ್ಪವೃಕ್ಷವೆಂಬ ಹೆಸರನ್ನೇ ನೋಡೋಣ. ಪುರಾಣದ ಕಲ್ಪವೃಕ್ಷ ಕ್ಷೀರಸಾಗರದಲ್ಲಿ ಹುಟ್ಟಿದ್ದು. ಅದರ ಕೆಳಗೆ ನಿಂತು ಬಯಸಿದರೆ ಸಾಕು, ಬಯಸಿದ್ದು ಕೈಗೆ ಬರುತ್ತದೆ. ನಮ್ಮ ತೆಂಗು ಹಾಗಲ್ಲ. ಅದರ ಕೆಳಗೆ ಸುಮ್ಮನೆ ನಿಂತವನಿಗೆ ಸಿಗುವುದು ಬಹುಶಃ ತಲೆಯ ಮೇಲೊಂದು ಒಣಕಾಯಿ ಮಾತ್ರ. ಕಾಯಿ ಬೇಕೆಂದರೆ ಯಾರಾದರೂ 60 ಅಡಿ ಹತ್ತಬೇಕು. ತಿಪಟೂರಿನ ಉಂಡೆ ಕೊಬ್ಬರಿ ಬೇಕೆಂದರೆ ಕಾಯಿಗಳನ್ನು ಅಟ್ಟದ ಮೇಲೆ ಹತ್ತು ತಿಂಗಳೋ ವರ್ಷವೋ ಇಟ್ಟು, ಒಳಗಿನ ನೀರೆಲ್ಲ ಇಂಗಿ ಗಟಗಟ ಸದ್ದಾಗುವವರೆಗೆ ಕಾಯಬೇಕು. ಆಮೇಲೆ ಸಿಪ್ಪೆ ಸುಲಿದು, ಕೊಬ್ಬರಿಗೆ ಪೆಟ್ಟಾಗದಂತೆ ಕರಟ ಬಿಡಿಸಬೇಕು. ಕೇರಳದ ಹಿನ್ನೀರಿನಲ್ಲಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಹೆಂಗಸರು ಅದನ್ನು ಕೊಡತಿಯಿಂದ ಬಡಿದು ನಾರು ತೆಗೆಯುತ್ತಿದ್ದರು. ಹಗ್ಗ ಹುಟ್ಟುತ್ತಿದ್ದುದು ಹಾಗೆ. ನಮ್ಮ ಪಟ್ಟಿಯ ಒಂದೊಂದು ಉಪಯೋಗದ ಹಿಂದೆಯೂ ಒಂದೊಂದು ಜೊತೆ ಕೈಗಳಿವೆ. ಮರವನ್ನು ಹೊಗಳುವ ಭರದಲ್ಲಿ ನಾವು ಆ ಕೈಗಳನ್ನು ಪಟ್ಟಿಯಿಂದ ಬಿಟ್ಟಿದ್ದೇವೆ.

ಇದಕ್ಕೆ ಒಂದು ಆಕ್ಷೇಪಣೆ ಬರುವುದು ಸಹಜ. "ಸ್ವಾಮಿ, ಆ ಕೈಗಳಿಗೆ ಕೂಲಿ ಸಂದಿದೆ. ಆ ಕೂಲಿ ಕಾಯಿಯ ಬೆಲೆಯಲ್ಲಿ ಸೇರಿದೆ. ಬೆಲೆಯನ್ನು ನಾವು ಕೊಟ್ಟಿದ್ದೇವೆ. ಉಪ್ಪಿಗೂ ಪೆನ್ಸಿಲಿಗೂ ಋಣ ಹಚ್ಚುತ್ತ ಹೋದರೆ ಮನುಷ್ಯ ಬದುಕುವುದೆಂತು?" ಈ ಮಾತು ಹಗುರವಾದುದಲ್ಲ. ಹಣವನ್ನು ಹಳಿಯುವುದು ಸುಲಭ. ಆದರೆ ಹಣ ಬಹಳ ಜನರನ್ನು ಬಿಡಿಸಿಯೂ ಇದೆ. ಪಡೆದ ನಾಲ್ಕು ಸೇರು ಕಾಳಿಗಾಗಿ ತಲೆಮಾರುಗಟ್ಟಲೆ ಒಂದೇ ಮನೆಯ ತೋಟಕ್ಕೆ ಕಟ್ಟುಬಿದ್ದು ದುಡಿದ ಕುಟುಂಬಗಳು ನಮ್ಮ ನಾಡಿನಲ್ಲಿದ್ದವು. ಅಲ್ಲಿ ಋಣವೆಂದರೆ ಬಡವನ ಕೊರಳಿನ ಹಗ್ಗ. 1976ರಲ್ಲಿ ಜೀತ ಪದ್ಧತಿಯನ್ನು ಕಾನೂನಿನಿಂದ ರದ್ದುಮಾಡಿದ್ದು ಆ ಹಗ್ಗವನ್ನು ಕತ್ತರಿಸುವುದಕ್ಕೇ. ಕೂಲಿ ಎಣಿಸಿಕೊಂಡು, ನಾಳೆ ಬರುತ್ತೇನೋ ಇಲ್ಲವೋ ಎನ್ನುವ ಸ್ವಾತಂತ್ರ್ಯ ಮರ ಹತ್ತುವವನಿಗೆ ಬಂದದ್ದು ಒಳ್ಳೆಯದೇ ಆಯಿತು.

ಆದ್ದರಿಂದ ಎರಡು ಬಗೆಯ ಋಣವನ್ನು ಬೇರೆ ಮಾಡಿ ನೋಡಬೇಕು. ಉಳ್ಳವನು ಇಲ್ಲದವನ ಹೆಸರಿನಲ್ಲಿ ಬರೆದಿಟ್ಟ ಋಣ ಒಂದು. ಅದು ಹರಿದು ಹಾಕತಕ್ಕದ್ದು. ಪಡೆದವನು ತನ್ನ ಹೆಸರಿನಲ್ಲಿ ತಾನೇ ಬರೆದುಕೊಳ್ಳುವ ಋಣ ಇನ್ನೊಂದು. ನಾವು ಕೇಳುತ್ತಿರುವುದು ಈ ಎರಡನೆಯದನ್ನು.

ಬೆಲೆಯಲ್ಲಿ ಸೇರದ ಬಾಬತ್ತು ಯಾವುದೆಂದು ಹುಡುಕಿದರೆ ಅದು ಸಿಗದೆ ಇರುವುದಿಲ್ಲ. ನಾಟಿ ತೆಂಗು ಫಲಕ್ಕೆ ಬರಲು 6ರಿಂದ 8 ವರ್ಷ ಬೇಕು. 60 ವರ್ಷ ದಾಟಿದ ಮೇಲೂ ಅದು ಕಾಯಿ ಬಿಡುತ್ತದೆ. ಇಂದು ನಮ್ಮ ಚೀಲಕ್ಕೆ ಬಿದ್ದ ಕಾಯಿಯ ಸಸಿಯನ್ನು ನೆಟ್ಟವನು ಬಹುಶಃ ಈಗ ಇಲ್ಲ. ಮೊದಲ ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತವರು, ದನ ಬಾಯಿಹಾಕದಂತೆ ಮುಳ್ಳು ಕಟ್ಟಿದವರು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಸರಕಾರಿ ಕಚೇರಿಯಲ್ಲಿ ವರ್ಗವಾದವನನ್ನು ಬಿಡುಗಡೆ ಮಾಡುವ ಮೊದಲು ಗ್ರಂಥಾಲಯ, ಸ್ಟೋರು, ಸೊಸೈಟಿ ಎಲ್ಲ ಕಡೆಯಿಂದ 'ನೋ ಡ್ಯೂಸ್' ತರಬೇಕೆಂಬ ನಿಯಮವುಂಟು. ನೆಟ್ಟು ಹೋದವನಿಂದ ಆ ಕಾಗದ ತರುವುದು ಯಾರಿಂದ ಸಾಧ್ಯ? ಅವನಿಗೆ ಹಿಂದಿರುಗಿಸಲು ದಾರಿಯೇ ಇಲ್ಲ. ಮುಂದಿನವರಿಗೆ ಕೊಡುವುದೊಂದೇ ದಾರಿ.

ವಿಜ್ಞಾನ ಓದಿದ ನೆನಪಿನಿಂದ ಇನ್ನೊಂದು ಮಾತು. ಮಾವು, ಹಲಸುಗಳ ಕಾಂಡಕ್ಕೆ ಪೆಟ್ಟಾದರೆ ಹೊಸ ಅಂಗಾಂಶ ಬೆಳೆದು ಗಾಯ ಮುಚ್ಚುತ್ತದೆ. ತೆಂಗಿನ ಕಾಂಡಕ್ಕೆ ಆ ಶಕ್ತಿಯಿಲ್ಲ. ಹತ್ತುವ ಅನುಕೂಲಕ್ಕೆಂದು ಕಡಿದ ಮೆಟ್ಟಿಲು ಮರದ ಆಯುಷ್ಯವಿಡೀ ಹಾಗೆಯೇ ಉಳಿಯುತ್ತದೆ. ಬೆಳೆಯುವ ಸುಳಿಯೂ ನೆತ್ತಿಯಲ್ಲಿ ಒಂದೇ. ಅದು ಹೋದರೆ ಮರವೇ ಹೋಯಿತು. ಎಲ್ಲವನ್ನೂ ಕೊಡುತ್ತದೆಂದು ನಾವು ಹಾಡಿ ಹೊಗಳುವ ಮರದಲ್ಲೂ ಕೈಹಾಕಬಾರದ ಜಾಗವೊಂದಿದೆ. ಕೊಡುವವರ ಗಾಯ ತಾನಾಗಿ ಮಾಯುತ್ತದೆಂದು ತೆಗೆದುಕೊಳ್ಳುವವರು ಭಾವಿಸಿದರೆ, ಮರಕ್ಕಾಗಲಿ ಮನುಷ್ಯರಿಗಾಗಲಿ ಕೇಡು ತಪ್ಪಿದ್ದಲ್ಲ.

ಮನುಷ್ಯರ ಮಾತು ಬಂದಾಗ, ತೆಂಗಿನ ಸೀಮೆಯಲ್ಲಿ ಹಿರಿಯರು ಆಡುವ ಒಂದು ಮಾತು ನೆನಪಾಗುತ್ತದೆ: ಹೆತ್ತ ಮಗ ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡದು. ಮೇಲುನೋಟಕ್ಕೆ ಇದು ತೆಂಗಿನ ಹೊಗಳಿಕೆ. ಆದರೆ ಊರು ಬಿಟ್ಟು ಬಂದ ನಮ್ಮಂಥವರ ಕಿವಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. ಇಲ್ಲಿ ಮರವನ್ನು ಮಗನ ಪಕ್ಕದಲ್ಲಿ ನಿಲ್ಲಿಸಿ ತೂಗಿದ್ದಾರೆ, ತಕ್ಕಡಿ ಮರದ ಕಡೆಗೆ ವಾಲಿದೆ. ಈ ತೂಕ ನ್ಯಾಯವೆ? ಮರ ನಿಂತಲ್ಲೇ ನಿಲ್ಲುವುದು ಪ್ರೀತಿಯಿಂದಲ್ಲ, ಅದಕ್ಕೆ ಹೋಗಲು ಕಾಲಿಲ್ಲ. ಮಗನಿಗೆ ಕಾಲಿದೆ, ಹೋಗಲು ಕಾರಣವೂ ಇದೆ. ಹೋದವನು ನೆನೆದರೆ, ತಿಂಗಳಿಗೊಮ್ಮೆ ಹಣ ಕಳುಹಿಸಿದರೆ, ಕಾಯಿಲೆಯೆಂದಾಗ ರೈಲು ಹತ್ತಿದರೆ, ಅದು ಬಿಡಬಹುದಾಗಿದ್ದವನು ಬಿಡದೆ ಮಾಡಿದ ಕೆಲಸ. ಆದ್ದರಿಂದ ಮರದ ಕೊಡುಗೆಗಿಲ್ಲದ ಒಂದು ಬೆಲೆ ಅದಕ್ಕಿದೆ. ಹಾಗೆಯೇ ಕೊಡದೆ ಹೋದರೆ ಮರಕ್ಕೆ ಬರದ ಅಪವಾದ ಅವನಿಗೆ ಬರುವುದೂ ನ್ಯಾಯವೇ.

ಈ ಲೆಕ್ಕದಲ್ಲಿ ಊರಿನಲ್ಲಿ ಉಳಿದವರನ್ನೂ ಮರೆಯಬಾರದು. ವರ್ಷಕ್ಕೊಮ್ಮೆ ರಜೆಯಲ್ಲಿ ಹೋದಾಗ, ತೋಟ ನೋಡಿಕೊಳ್ಳುವ ಅಣ್ಣನನ್ನೋ ತಮ್ಮನನ್ನೋ "ಈ ಸಲ ಎಷ್ಟು ಸಾವಿರ ಕಾಯಿ ಆಯಿತು, ನಮ್ಮ ಪಾಲೆಷ್ಟು?" ಎಂದು ಕೇಳುವುದು ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಸಂಗತಿ. ಕಾನೂನಿನಲ್ಲಿ ಪಾಲು ಇದೆ, ಕೇಳುವುದು ತಪ್ಪಲ್ಲ. ಆದರೆ ಕಾಯಿಯ ಲೆಕ್ಕ ಕೇಳುವವರು ನೀರಿನ ಲೆಕ್ಕವನ್ನೂ ಕೇಳಬೇಡವೆ? ರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಪಂಪು ಹಾಕಿದವರು ಯಾರು? ನುಸಿ ಬಿದ್ದು ಕಾಯಿ ಸೊರಗಿದ ವರ್ಷ ನಷ್ಟ ಹೊತ್ತವರು ಯಾರು? ಮರ ಹತ್ತುವವರು ಈಗ ಸುಲಭವಾಗಿ ಸಿಗುವುದಿಲ್ಲ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯುವಕರಿಗೆ ಯಂತ್ರದ ಸಹಾಯದಿಂದ ಮರ ಹತ್ತುವ ತರಬೇತಿ ಕೊಡಲು ಒಂದು ಯೋಜನೆಯನ್ನೇ ಆರಂಭಿಸಬೇಕಾಯಿತು. ಹತ್ತುವವನ ಮಗ ಪೇಟೆಗೆ ಹೋದನೆಂದು ದೂರುವ ಹಕ್ಕು ನಮಗಿಲ್ಲ. ನಾವೂ ಅದೇ ದಾರಿಯಲ್ಲಿ ಬಂದವರು. ಉಳಿದಿರುವವನು ಕೇಳಿದ ಕೂಲಿಗೆ ಚೌಕಾಸಿ ಮಾಡದಿರುವುದು ನಮ್ಮಿಂದ ಆಗಬಹುದಾದ ಕೆಲಸ. ಮುದಿಮರ ಬಿದ್ದ ಗುಂಡಿಯ ಪಕ್ಕದಲ್ಲಿ ಒಂದು ಸಸಿ ನೆಡಿಸಿ, ಅದರ ಖರ್ಚನ್ನು ನಮ್ಮ ಪಾಲಿನಲ್ಲಿ ಹಿಡಿಯಿರೆಂದು ಹೇಳುವುದೂ ಆಗಬಹುದಾದದ್ದೇ.

ಇಷ್ಟು ಮಾಡಿದರೆ ಋಣ ತೀರಿತೆ? ತೀರಲಿಕ್ಕಿಲ್ಲ. ಆದರೆ ಅದು ಚಿಂತಿಸಬೇಕಾದ ಮಾತಲ್ಲ. ನಮ್ಮ ಭಾಷೆಯಲ್ಲಿ ಋಣಾನುಬಂಧ ಎಂಬ ಶಬ್ದವಿದೆ. ಋಣವನ್ನು ಬಿಟ್ಟು ಬಂಧವಿಲ್ಲವೆಂದು ತಿಳಿದವರು ಮಾಡಿದ ಶಬ್ದ ಅದು. ಅಂಗಡಿಯವನಿಗೂ ನಮಗೂ ಲೆಕ್ಕ ಆಗಿಂದಾಗ್ಗೆ ಚುಕ್ತಾ ಆಗುತ್ತದೆ, ಆದ್ದರಿಂದಲೇ ನಾಳೆ ಬೇರೆ ಅಂಗಡಿಗೆ ಹೋಗಬಹುದು. ಊರಿನೊಡನೆ ಹಾಗೆ ಚುಕ್ತಾ ಮಾಡಿಕೊಂಡವನಿಗೆ ಊರಿಗೆ ಹೋಗಲು ನೆಪವೇ ಉಳಿಯುವುದಿಲ್ಲ. ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದವರು. ತೆಂಗಿನ ಮರ ಅವರಿಗೆ ರಜೆಯ ಚಿತ್ರ. ಹಬ್ಬದ ದಿನ ಕಾಯಿ ಒಡೆಯುವಾಗ, ಇದು ಹಣ ಕೊಟ್ಟು ತಂದದ್ದು ನಿಜ, ಆದರೂ ಇದರಲ್ಲಿ ಬಾಕಿಯೊಂದಿದೆ ಎಂದು ಅವರಿಗೆ ಹೇಳಬೇಕು. ಎಷ್ಟು ಬಾಕಿಯೆಂದು ಕೇಳಿದರೆ ಹೇಳಲಾಗದಿದ್ದರೂ, ಯಾರಿಗೆಂದು ಹೇಳಲು ನಮಗೆ ತಿಳಿದಿದ್ದರೆ ಸಾಕು.